ಎರಡು ಗಂಟೆಯ ರೌಂಡು

ಮಾರ್ಚ್ 4, ಮಂಗಳವಾರ

ಗುಡ್ಡ ಅಳೆಯುವ ನನ್ನ ಹೆಂಡತಿಗೆ,

ನೀನು ಜೀಪು ಹತ್ತಿ ಹೋಗಿ ಇವತ್ತಿಗೆ ಎಂಟು ದಿನ. ಮನೆ ಇನ್ನೂ ನೆಟ್ಟಗೆ ನಿಂತಿದೆ. ಗಿಡಗಳಿಗೆ ನೀರು ಹಾಕಿದ್ದೇನೆ, ಅಪ್ಪನ ಕನ್ನಡಕದ ಮುರಿದ ಕಡ್ಡಿ ಸರಿ ಮಾಡಿಸಿದ್ದೇನೆ, ನಿನ್ನ ಕೊಡೆ ಕಳೆದಿಲ್ಲ. ನಮ್ಮ ಇನ್ಸ್‌ಪೆಕ್ಟರ್ ಒಂದು ದಿನವೂ ರಜೆ ಹಾಕಿಲ್ಲ. ನಾನು ಡಿಸ್ಪೆನ್ಸರಿಯಿಂದ ಬಂದ ಕೂಡಲೇ ಮೊದಲು ಚೀಲದ ತಪಾಸಣೆ, ಆಮೇಲೆ ಜೇಬು, ಆಮೇಲೆ ಶೂ ಒಳಗೆ ಕೈ. ಇಪ್ಪತ್ತೆರಡು ತಿಂಗಳಿಗೇ ಅಪ್ಪನ ಮೇಲೆ ಇಷ್ಟು ಅನುಮಾನ ಇಟ್ಟುಕೊಂಡ ಮಗಳು ಮುಂದೆ ಏನಾಗುತ್ತಾಳೋ ಗೊತ್ತಿಲ್ಲ.

ಈಗ ಮುಖ್ಯ ವಿಷಯ. ಈ ಎರಡು ತಿಂಗಳ ಕ್ಯಾಂಪಿಗೆ ಹೋಗುವುದೇ ಇಲ್ಲ ಎಂದು ನೀನು ಹಟ ಹಿಡಿದಿದ್ದು ನೆನಪಿದೆಯಾ? "ರಾತ್ರಿ ಹನ್ನೊಂದಕ್ಕೊಂದು ಬಾಟಲಿ, ಎರಡಕ್ಕೊಂದು ಬಾಟಲಿ. ಇವಳನ್ನ ಬಿಟ್ಟು ಹೇಗ್ರೀ ಹೋಗ್ಲಿ?" ಅಂದೆ. "ಹೋಗು ಮಾರಾಯ್ತಿ, ನೀನು ವಾಪಸ್ ಬರೋ ಹೊತ್ತಿಗೆ ಬೆಳಕು ಹರಿಯೋವರೆಗೂ ನಿದ್ದೆ ಮಾಡೋ ಮಗಳನ್ನ ನಿನ್ನ ಕೈಗಿಡ್ತೀನಿ" ಅಂದೆ ನಾನು. ನೀನು ನಕ್ಕೆ. ಆ ನಗು ಇನ್ನೂ ನನ್ನ ಎದೆಯಲ್ಲಿ ಚುಚ್ಚುತ್ತಿದೆ.

ಹದಿನಾಲ್ಕು ವರ್ಷ ಕಾಂಪೌಂಡರ್ ಆಗಿ ಸಿರಪ್ಪು ಬೆರೆಸಿದವನು ನಾನು, ಒಂದು ಬಾಟಲಿ ಹಾಲಿಗೆ ಹೆದರುತ್ತೇನೆಯೇ? ಗೋಡೆಗೆ ಚಾರ್ಟು ಅಂಟಿಸಿದ್ದೇನೆ. ಬಾಟಲಿಗೆ ನೂರ ಎಂಬತ್ತು ಮಿಲಿ. ಮೊದಲ ರಾತ್ರಿ ಹತ್ತು ಮಿಲಿ ಹಾಲು ತೆಗೆದು ಹತ್ತು ಮಿಲಿ ನೀರು. ಎರಡನೇ ರಾತ್ರಿ ಇಪ್ಪತ್ತು. ಹೀಗೆ ಹದಿನೆಂಟನೇ ರಾತ್ರಿಗೆ ಬರೀ ನೀರು. ಬರೀ ನೀರು ಕುಡಿಯುವುದಕ್ಕೆ ಬುದ್ಧಿ ಇರುವ ಯಾರೂ ನಡುರಾತ್ರಿ ಏಳುವುದಿಲ್ಲ. ನಿನ್ನೆಯಿಂದ ಶುರು ಮಾಡಿದೆ. ಇನ್ಸ್‌ಪೆಕ್ಟರಿಗೆ ಏನೂ ಗೊತ್ತಾಗಲಿಲ್ಲ.

ಅಪ್ಪನಿಗೂ ಚಾರ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, "ಹಾಲಿಗೆ ನೀರು ಬೆರೆಸೋರನ್ನ ನಮ್ಮ ಕಾಲದಲ್ಲಿ ಪೊಲೀಸ್ನೋರು ಹಿಡ್ಕೊಂಡ್ ಹೋಗ್ತಿದ್ರು ಕಣೋ" ಅಂದು ತಮ್ಮ ಫ್ಲಾಸ್ಕನ್ನು ನನ್ನ ಮುಂದಿಟ್ಟರು. ಅದಕ್ಕೂ ದಿನಾ ಚಹಾ ತುಂಬಿಸಿಡುತ್ತಿದ್ದೇನೆ. ಪೇಪರ್ ಮಿಲ್ಲಿನ ರಾತ್ರಿ ಕಾವಲು ಬಿಟ್ಟು ನಾಲ್ಕು ವರ್ಷವಾದರೂ ಅವರ ಎರಡು ಗಂಟೆಯ ರೌಂಡು, ಎರಡು ಗಂಟೆಯ ಚಹಾ ನಿಂತಿಲ್ಲವಲ್ಲ.

ಬೇರೆ ವಿಶೇಷವೇನಿಲ್ಲ. ಶನಿವಾರ ಮಗಳನ್ನು ಸುಮ್ಮನೆ ಒಂದು ಸುತ್ತು ಹೊರಗೆ ಕರೆದುಕೊಂಡು ಹೋಗಿದ್ದೆ. ಮೇಲೆ ಕೆಳಗೆ ಹೋಗುವ ಒಂದು ದೊಡ್ಡ ಕುರ್ಚಿಯಲ್ಲಿ ಕೂತು ಖುಷಿಪಟ್ಟಳು.

ಗೆದ್ದೇ ಗೆಲ್ಲುವ
ನಿನ್ನ ಗಂಡ

~

ಮಾರ್ಚ್ 9, ಭಾನುವಾರ

ಹಾಲಿಗೆ ನೀರು ಬೆರೆಸುವ ಕಾಂಪೌಂಡರ್ ಸಾಹೇಬರಿಗೆ,

ನಿಮ್ಮ ಪತ್ರ ಅಕ್ಕಿ ಮೂಟೆ ಮತ್ತು ಸೀಮೆಎಣ್ಣೆ ಡಬ್ಬದ ನಡುವೆ ಕೂತು ಬಂತು. ಆದ್ದರಿಂದ ಅದಕ್ಕೆ ಒಂದು ಥರದ ವಾಸನೆ. ಆದರೂ ನಾಲ್ಕು ಸಲ ಓದಿದೆ.

ಇಲ್ಲಿ ಏಳು ಟೆಂಟು, ಒಂಬತ್ತು ಜನ. ಹೆಂಗಸು ನಾನೊಬ್ಬಳೇ ಆದ್ದರಿಂದ ನನಗೆ ಒಂದು ಪೂರ್ತಿ ಟೆಂಟು, ಅದರಲ್ಲಿ ಒಂದು ಪೂರ್ತಿ ತೂತು. ಬೆಳಗಾದರೆ ಲೆವೆಲ್ ಉಪಕರಣ ಹೆಗಲಿಗೆ, ಸಂಜೆಯವರೆಗೆ ಬೆಟ್ಟದ ಏರು ತಗ್ಗು ಬರೆದುಕೊಳ್ಳುವುದು. ನನ್ನ ಅಳತೆಕೋಲು ಹಿಡಿಯುವ ಮನುಷ್ಯ ನಿಂತಲ್ಲೇ ತೂಕಡಿಸುತ್ತಾನೆ. ಕೋಲು ವಾಲಿದಾಗೆಲ್ಲ ನಾನು ಕೂಗಬೇಕು. ಅವನಿಗೂ ಮನೆಯಲ್ಲಿ ಸಣ್ಣ ಮಗು ಇದೆಯೇನೋ ಎಂದು ಅನುಮಾನಪಟ್ಟು ಕೇಳಿದೆ. ಮದುವೆಯೇ ಆಗಿಲ್ಲವಂತೆ, ಬರೀ ಸೋಮಾರಿ.

ಫೋನು ಇಲ್ಲಿ ಕಲ್ಲಿಗೆ ಸಮ. ವೈರ್‌ಲೆಸ್ ಇದೆ, ಆದರೆ ಅದರಲ್ಲಿ "ಮಗು ಹಾಲು ಕುಡೀತಾ?" ಎಂದು ಕೇಳಿದರೆ ಮೂರು ಕ್ಯಾಂಪಿನವರೂ ಉತ್ತರ ಹೇಳುತ್ತಾರೆ. ಹಾಗಾಗಿ ವಾರಕ್ಕೆರಡು ಸಲ ಬರುವ ಜೀಪೇ ಗತಿ.

ನನ್ನ ಬಗ್ಗೆ ಚಿಂತೆ ಬೇಡ. ರಾತ್ರಿ ಮಲಗಿದರೆ ಬೆಳಗ್ಗೆಯೇ ಎಚ್ಚರ. ಎರಡು ವರ್ಷದ ನಿದ್ದೆಯ ಬಾಕಿ ಇದೆಯಲ್ಲ. ಎರಡು ಗಂಟೆ ಹೊತ್ತಿಗೆ ಇಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ, ಆಗ ಟೆಂಟಿನ ಬಟ್ಟೆ ಹೊಟ್ಟೆ ಉಬ್ಬಿಸಿ ಉಸಿರು ಬಿಟ್ಟ ಹಾಗೆ ಕಾಣುತ್ತದೆ.

ಎರಡು ಗಂಟೆಗೆ ಎದ್ದಾಗ ಅವಳು ನನ್ನನ್ನು ಕೇಳುತ್ತಾಳಾ? ಬೇಡ, ಬರೆಯಬೇಡಿ. ಕೇಳಿದಳು ಅಂದರೂ ಸಂಕಟ, ಕೇಳಲಿಲ್ಲ ಅಂದರೂ ಸಂಕಟ.

ಹಲ್ಲುಜ್ಜುವಾಗ ಮೇಲಿನ ಮುಂದಿನ ಹಲ್ಲುಗಳನ್ನು ಸ್ವಲ್ಪ ಗಮನವಿಟ್ಟು ಉಜ್ಜಿ. ಸುಮ್ಮನೆ ಹೇಳಿದೆ. ಮಾವನಿಗೆ ನಮಸ್ಕಾರ ತಿಳಿಸಿ. ಅದ್ಯಾವ ಕುರ್ಚಿ ಮೇಲೆ ಕೆಳಗೆ ಹೋಗುವುದು?

ತೂತು ಟೆಂಟಿನ
ನಿಮ್ಮಾಕೆ

~

ಮಾರ್ಚ್ 13, ಗುರುವಾರ

ತೂತು ಟೆಂಟಿನ ರಾಣಿಗೆ,

ನಿನ್ನೆಗೆ ಹತ್ತನೇ ರಾತ್ರಿ. ಎಂಬತ್ತು ಹಾಲು, ನೂರು ನೀರು. ಬೆಳಕಿಗೆ ಹಿಡಿದರೆ ಬಾಟಲಿಯ ಆಚೆ ಕಡೆಯ ಗಡಿಯಾರ ಕಾಣುತ್ತದೆ. ಆದರೂ ಇನ್ಸ್‌ಪೆಕ್ಟರ್ ಕುಡಿದು, ಬಾಟಲಿಯನ್ನು ಒಂದು ಸಲ ತಿರುಗಿಸಿ ನೋಡಿ, ನನ್ನ ಮುಖವನ್ನೂ ಒಂದು ಸಲ ನೋಡಿ ಮಲಗಿದರು. ಆ ನೋಟ ನನಗೆ ಪೂರ್ತಿ ಹಿಡಿಸಲಿಲ್ಲ. ಆದರೆ ಜಗಳವಿಲ್ಲ, ಅಳುವಿಲ್ಲ. ನಿಮ್ಮ ಇಲಾಖೆಯವರು ಬೆಟ್ಟ ಅಳೆದರೆ ಸಾಲದು, ಬಂದು ನನ್ನ ಅಳತೆಯನ್ನೂ ನೋಡಬೇಕು.

ಡಿಸ್ಪೆನ್ಸರಿಯ ನರ್ಸಮ್ಮನಿಗೆ ಹೇಳಿದೆ. "ನೀವು ಇದನ್ನ ಪುಸ್ತಕ ಮಾಡ್ಬೇಕು ಸಾರ್" ಅಂದರು. ನಗುತ್ತಾ ಹೇಳಿದರೋ ನಿಜವಾಗಿ ಹೇಳಿದರೋ ತಿಳಿಯಲಿಲ್ಲ, ನಿಜವೆಂದೇ ಇಟ್ಟುಕೊಂಡಿದ್ದೇನೆ.

ಮಲಗಿದರೆ ಬೆಳಗ್ಗೆಯೇ ಎಚ್ಚರ ಎನ್ನುವವಳಿಗೆ ಎರಡು ಗಂಟೆಯ ಗಾಳಿ ಹೇಗೆ ಗೊತ್ತಾಯಿತು?

ಕುರ್ಚಿ ಅಂಥದ್ದೇನಲ್ಲ. ಕಟಿಂಗ್ ಅಂಗಡಿಯಲ್ಲಿ ಇರುತ್ತದಲ್ಲ, ಆ ಥರದ್ದು.

ಅವಸರದಲ್ಲಿ,
ನಿನ್ನವನು

~

ಮಾರ್ಚ್ 19, ಬುಧವಾರ

ಕೇಳಿಲ್ಲಿ!

ಐದು ರಾತ್ರಿಯಿಂದ ಇನ್ಸ್‌ಪೆಕ್ಟರ್ ಎರಡು ಗಂಟೆಗೆ ಏಳುತ್ತಿಲ್ಲ. ಚಾರ್ಟು ಮುಗಿಯುವುದಕ್ಕೂ ಮೊದಲೇ! ಹನ್ನೊಂದಕ್ಕೆ ಒಂದೆರಡು ಗುಟುಕು ಕುಡಿದು ಬಾಟಲಿ ನೂಕಿ ಮಲಗಿದವಳು ಬೆಳಗ್ಗೆ ಆರೂವರೆಗೆ ನನ್ನ ಮೂಗು ಹಿಂಡಿ ಎಬ್ಬಿಸುತ್ತಾಳೆ. ಎರಡು ಗಂಟೆಗೆಂದು ಮಾಡಿಟ್ಟ ಬಾಟಲಿ ಇಟ್ಟ ಹಾಗೇ ಇರುತ್ತದೆ. ಎರಡು ವರ್ಷದಲ್ಲಿ ಮೊದಲ ಸಲ ನಾನು ಕನಸು ಕಾಣುವಷ್ಟು ಹೊತ್ತು ಮಲಗುತ್ತಿದ್ದೇನೆ. ನಿನ್ನೆಯ ಕನಸಿನಲ್ಲಿ ನನಗೆ ಹಾರ ಹಾಕುತ್ತಿದ್ದರು.

ಇನ್ನು ಮನೆಯ ಸಣ್ಣಪುಟ್ಟ ಸುದ್ದಿ. ಈ ಸಲದ ಡೈಪರ್ ಸರಿಯಿಲ್ಲ ಎಂದು ಕಾಣುತ್ತದೆ, ಬೆಳಗ್ಗೆ ಎತ್ತಿದರೆ ಮರಳಿನ ಚೀಲದ ಭಾರ. ಬೇರೆ ಕಂಪನಿಯದು ತರಬೇಕು. ಬೆಳಗಿನ ತಿಂಡಿಗೆ ಇನ್ಸ್‌ಪೆಕ್ಟರ್ ಬಾಯಿಯನ್ನೇ ಬಿಡುವುದಿಲ್ಲ, ಬಾಳೆಹಣ್ಣನ್ನೂ ಮುಟ್ಟುವುದಿಲ್ಲ, ಹಲ್ಲು ಬರುತ್ತಿರಬೇಕು. ಹಾಲಿನ ಪ್ಯಾಕೆಟ್ಟು ಎಲ್ಲೋ ಸೋರುತ್ತಿದೆ, ಬೆಳಗಿನ ಚಹಾಕ್ಕೆ ಹಾಲು ಸಾಲುವುದಿಲ್ಲ. ಅಪ್ಪ ಮಾತ್ರ ಬಹಳ ಗೆಲುವಾಗಿದ್ದಾರೆ. ಒಂಬತ್ತು ಗಂಟೆಯವರೆಗೂ ಮಲಗುತ್ತಾರೆ, ಎದ್ದ ಮೇಲೆ ಶಿಳ್ಳೆ ಹಾಕುತ್ತಾ ಪಾತ್ರೆ ಒರೆಸಿಡುತ್ತಾರೆ. ನಿನ್ನ ಸಣ್ಣ ಹಾಲಿನ ಪಾತ್ರೆ ದಿನಾ ಬೆಳಗ್ಗೆ ತೊಳೆದು ಬೋರಲು ಹಾಕಿರುತ್ತದೆ.

ಮಾತು ಕೊಟ್ಟೆ, ಉಳಿಸಿಕೊಂಡೆ. ಈಗ ನಗು ನೋಡೋಣ.

ಹಾರ ಹಾಕಿಸಿಕೊಂಡ
ನಿನ್ನ ಗಂಡ

~

ಮಾರ್ಚ್ 24, ಸೋಮವಾರ

ಹಾರ ತೆಗೆದಿಟ್ಟು ಓದಿ.

ನಿಮ್ಮ ಪತ್ರ ಓದಿ ಮೊದಲು ಒಂದಷ್ಟು ಹೊತ್ತು ಅತ್ತೆ. ಎರಡು ಗಂಟೆಗೆ ಅವಳಿಗೆ ಯಾರೂ ಬೇಡವಾದರಲ್ಲ ಎಂದು. ನಾನು ಮಾಡಲು ಆಗದೆ ಇದ್ದದ್ದನ್ನು ನಾನು ಹೋದ ಇಪ್ಪತ್ತು ದಿನಕ್ಕೇ ಮಾಡಿಬಿಟ್ಟರಲ್ಲ ಎಂದು ನಿಮ್ಮ ಮೇಲೆ ಕೋಪವೂ ಬಂತು. ಅಳು ಮುಗಿದ ಮೇಲೆ ಮತ್ತೆ ಓದಿದೆ. ಆಗ ನಗು ಬಂತು.

ನಮ್ಮ ಕೆಲಸದಲ್ಲಿ ಒಂದು ಕ್ರಮ ಇದೆ. ಬೆಳಗ್ಗೆ ಒಂದು ಕಲ್ಲಿನಿಂದ ಅಳತೆ ಶುರು ಮಾಡಿ, ಬೆಟ್ಟ ಸುತ್ತಿ, ಸಂಜೆ ಅದೇ ಕಲ್ಲಿಗೆ ವಾಪಸ್ ಬರುತ್ತೇವೆ. ಹತ್ತಿದ್ದೆಲ್ಲ, ಇಳಿದದ್ದೆಲ್ಲ ಕೂಡಿಸಿ ಕಳೆದರೆ ಸೊನ್ನೆ ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ತಪ್ಪಿದೆ. ಆಗ ಉಪಕರಣವನ್ನು ಬೈಯುವುದಿಲ್ಲ, ಕೋಲು ಹಿಡಿದವನನ್ನು ನೋಡುತ್ತೇವೆ.

ನಿಮ್ಮ ಲೆಕ್ಕ ನೋಡಿ. ರಾತ್ರಿ ಮಗಳು ಕುಡಿದದ್ದು ಎರಡು ಗುಟುಕು, ಬೆಳಗ್ಗೆ ಡೈಪರ್ ಮರಳಿನ ಚೀಲ. ರಾತ್ರಿಯೆಲ್ಲ ಉಪವಾಸ, ಬೆಳಗ್ಗೆ ಹಸಿವಿಲ್ಲ. ಹಾಲು ಸೋರುತ್ತಿದೆ, ಆದರೆ ಫ್ರಿಜ್ ಒದ್ದೆಯಾಗಿದೆ ಎಂದು ನೀವು ಬರೆದಿಲ್ಲ. ಇನ್ನು ನನ್ನ ಹಾಲಿನ ಪಾತ್ರೆಯನ್ನು ತೊಳೆದು ಬೋರಲು ಹಾಕುವ ಅಭ್ಯಾಸ ಆ ಮನೆಯಲ್ಲಿ ನಿಮಗಂತೂ ಇಲ್ಲ, ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ.

ನಿಮ್ಮ ಗಿರಾಕಿ ನಿದ್ದೆ ಮಾಡುತ್ತಿಲ್ಲರೀ. ನೀವು ನೀರು ಬೆರೆಸುತ್ತೀರಿ ಎಂದು ಗೊತ್ತಾಗಿ ಬೇರೆ ಅಂಗಡಿ ಹಿಡಿದಿದ್ದಾಳೆ.

ಹಾರ ಹಾಕಿಸಿಕೊಳ್ಳುವ ಕನಸಿನಲ್ಲಿ ನೀವು ಹೇಗೆ ಗೊರಕೆ ಹೊಡೆಯುತ್ತೀರಿ ಎಂದು ನನಗೆ ಗೊತ್ತು. ಒಂದು ರಾತ್ರಿ ಎಚ್ಚರವಾಗಿರಿ. ದೀಪ ಹಾಕಬೇಡಿ, ಕೂಗಾಡಬೇಡಿ. ಸುಮ್ಮನೆ ನೋಡಿ ನನಗೆ ಬರೆಯಿರಿ.

ಬೆಟ್ಟದಿಂದಲೇ ಕಳ್ಳನನ್ನು ಹಿಡಿದ
ನಿಮ್ಮಾಕೆ

~

ಏಪ್ರಿಲ್ 1, ಮಂಗಳವಾರ

ಎಲ್ಲ ಕಡೆ ಸರಿ ಇರುವವಳಿಗೆ,

ನೀನು ಹೇಳಿದ್ದು ನಿಜ. ಆದರೆ ನೀನು ಹೇಳಿದ ಹಾಗೆ ನಾನು ನಡೆದುಕೊಳ್ಳಲಿಲ್ಲ. ಅದನ್ನೂ ಬರೆಯುತ್ತೇನೆ, ಬೈದುಬಿಡು.

ಶುಕ್ರವಾರ ನಿನ್ನ ಪತ್ರ ಬಂತು. ಅವತ್ತೇ ರಾತ್ರಿ ಕಣ್ಣು ಮುಚ್ಚಿ, ಸುಳ್ಳು ಗೊರಕೆ ಹೊಡೆಯುತ್ತಾ ಮಲಗಿದೆ. ಎರಡೂ ಹತ್ತಕ್ಕೆ ಪಕ್ಕದ ಹಾಸಿಗೆ ಮಿಸುಕಿತು. ಇನ್ಸ್‌ಪೆಕ್ಟರ್ ಹಿಂದು ಹಿಂದಾಗಿ ಜಾರಿ ಇಳಿದು, ನನ್ನ ಮುಖದ ಹತ್ತಿರ ಬಂದು ನನ್ನ ಗೊರಕೆ ತಪಾಸಣೆ ಮಾಡಿ, ಬಾಗಿಲ ಸಂದಿಯಿಂದ ಹೊರಟರು. ಹಿಂದೆಯೇ ಹೋದೆ.

ಅಡುಗೆಮನೆಯಲ್ಲಿ ಸಣ್ಣ ಬಲ್ಬು. ಅಪ್ಪ ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಫ್ಲಾಸ್ಕು, ಅದರ ಮುಚ್ಚಳದಲ್ಲಿ ಚಹಾ, ಪಕ್ಕದಲ್ಲಿ ಮಗಳ ಪುಟ್ಟ ಸ್ಟೀಲ್ ಲೋಟದಲ್ಲಿ ಬೆಚ್ಚಗಿನ ಹಾಲು. ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ತಮ್ಮ ಹಳೇ ಟಾರ್ಚನ್ನು ಅವಳ ಕುತ್ತಿಗೆಗೆ ನೇತುಹಾಕಿದರು.

"ಏನ್ ಇನ್ಸ್‌ಪೆಕ್ಟ್ರೇ, ಮುಂದಿನ ಗೇಟು ನೋಡಾಯ್ತಾ?"

"ಆತು."

"ಹಿಂದಿನ ಗೇಟು?"

"ಆತು."

"ನಿಮ್ಮಪ್ಪ?"

"ಗೊರ್ರ್‌ರ್."

"ಹಾಗಾದ್ರೆ ಎಲ್ಲ ಸರಿ ಇದೆ. ಕುಡೀರಿ."

ಲೋಟಕ್ಕೆ ಮುಚ್ಚಳ ತಾಗಿಸಿ ಇಬ್ಬರೂ ಕುಡಿದರು. ಅಪ್ಪ ಅವಳ ಬಾಯಿ ಒರೆಸಿದರು, ಅವಳು ಅಪ್ಪನ ಮೀಸೆ ಒರೆಸಿದಳು. ನಾನು ಕತ್ತಲಲ್ಲಿ ಫ್ರಿಜ್ಜಿನ ಹಿಂದೆ ನಿಂತಿದ್ದೆ. ಅಲ್ಲಿಗೇ ಬಿಟ್ಟು ನಿನಗೆ ಬರೆದಿದ್ದರೆ ಚೆನ್ನಾಗಿರುತ್ತಿತ್ತು.

ಬೆಳಗ್ಗೆ ಎದ್ದಾಗ ಆ ಗೋಡೆಯ ಚಾರ್ಟು ಕಣ್ಣಿಗೆ ಬಿತ್ತು. ಇಷ್ಟು ದಿನ ಇಬ್ಬರೂ ಸೇರಿ ನನ್ನನ್ನು ಮಂಗ ಮಾಡಿದರಲ್ಲ ಎಂದು ಪಿತ್ತ ನೆತ್ತಿಗೇರಿತು. "ಮೂವತ್ತೊಂದು ವರ್ಷ ಕಾವಲು ಕಾದೋರು ನೀವೇ ಹೀಗೆ ಕಳ್ಳತನ ಮಾಡಿದ್ರೆ ಹೇಗಪ್ಪಾ?" ಅಂದುಬಿಟ್ಟೆ. ಅಪ್ಪ ಫ್ಲಾಸ್ಕು ತೊಳೆದು, ಒರೆಸಿ, ಮೇಲಿನ ಅಟ್ಟಕ್ಕೆ ಇಟ್ಟರು. "ಸರಿ. ಇವತ್ತಿನಿಂದ ನಂಗೆ ಡ್ಯೂಟಿ ಇಲ್ಲ" ಅಂದರು, ಅಷ್ಟೇ.

ಈಗ ರಾತ್ರಿ ಅವರ ಕೋಣೆಯ ಬಾಗಿಲು ಹಾಕಿರುತ್ತದೆ. ಎರಡು ಗಂಟೆಗೆ ಮಗಳು ಎದ್ದು ಹೋಗಿ ಆ ಬಾಗಿಲು ಬಡಿಯುತ್ತಾಳೆ. "ತಾತಾ, ತಾತಾ." ನಾನು ಎತ್ತಿಕೊಂಡರೆ ಒದೆಯುತ್ತಾಳೆ, ನೀರು ಕೊಟ್ಟರೆ ಎಸೆಯುತ್ತಾಳೆ. ನಲವತ್ತು ನಿಮಿಷ ಅಳು. ನಿನ್ನೆ ಮೇಲಿನ ಮನೆಯವರು ನೆಲ ಕುಟ್ಟಿದರು. ಬಾಗಿಲ ಆಚೆ ಅಪ್ಪನ ಮಂಚ ಕಿರುಗುಟ್ಟುವುದು ಕೇಳುತ್ತದೆ. ಅವರೂ ಮಲಗಿಲ್ಲ.

ಹಾಲು ಕೊಟ್ಟು ಮುಗಿಸೋಣ ಅಂದರೆ ಆಗುವುದಿಲ್ಲ. ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಕುರ್ಚಿ ಹಲ್ಲಿನ ಡಾಕ್ಟರದು. ನೀನು ಹೋದ ಮೇಲೆ ಹಲ್ಲುಜ್ಜುವಾಗ ನೋಡಿದೆ, ಮೇಲಿನ ನಾಲ್ಕು ಹಲ್ಲಿನ ಬುಡದಲ್ಲಿ ಸುಣ್ಣದ ಗೆರೆಯಂಥ ಬಿಳಿ ಗೆರೆ. ರಾತ್ರಿ ಹಾಲು ಬಾಯಲ್ಲೇ ಉಳಿದು ಹೀಗಾಗುತ್ತದಂತೆ. "ಈಗ ನಿಲ್ಸಿದ್ರೆ ಗೆರೆಗೇ ನಿಲ್ಲುತ್ತೆ. ನಿಲ್ಸದೆ ಹೋದ್ರೆ ಕಂದು ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಮಗೂನ ಮಂಪರು ಕೊಟ್ಟು ಮಲಗ್ಸಿ ಕೆಲ್ಸ ಮಾಡ್ಬೇಕಾಗುತ್ತೆ" ಅಂದರು. ಏಪ್ರಿಲ್ ಹದಿನೈದಕ್ಕೆ ಮತ್ತೆ ತೋರಿಸಬೇಕು. ನಿನಗೆ ಬರೆದರೆ ಮರುದಿನವೇ ಜೀಪು ಹತ್ತಿ ಬರುತ್ತೀಯ ಎಂದು ಬರೆಯಲಿಲ್ಲ. ಅಪ್ಪನಿಗೆ ಹೇಳಿದರೆ ಅವರು ನಿನಗೆ ಬರೆಯುತ್ತಾರೆ ಎಂದು ಅವರಿಗೂ ಹೇಳಲಿಲ್ಲ.

ಇನ್ನು ಎರಡು ವಾರ ಇದೆ. ನನಗೆ ಭಯವಾಗುತ್ತಿದೆ ಕಣೆ. ಏನು ಮಾಡಲಿ?

ಹಾರ, ಚಾರ್ಟು ಎರಡೂ ಕಿತ್ತುಹಾಕಿದ
ನಿನ್ನವನು

~

ಏಪ್ರಿಲ್ 5, ಶನಿವಾರ

ರೀ,

ಬೈಯುವುದಿಲ್ಲ. ಬೈಯುವ ಮುಖ ನನಗಿಲ್ಲ.

ಆ ಗೆರೆಯನ್ನು ನಾನು ಹೊರಡುವ ಒಂದು ವಾರ ಮುಂಚೆಯೇ ನೋಡಿದ್ದೆ. ಕಿಟಕಿ ಹತ್ತಿರ ಕೂರಿಸಿಕೊಂಡು ಒದ್ದೆ ಬಟ್ಟೆಯಿಂದ ಉಜ್ಜಿದೆ, ಹೋಗಲಿಲ್ಲ. ಹಾಲಿನ ಕೆನೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಮಗೆ ಹೇಳಿದ್ದರೆ ಡಾಕ್ಟರ ಹತ್ತಿರ ಹೋಗಬೇಕಾಗುತ್ತಿತ್ತು, ಡಾಕ್ಟರು ಏನಾದರೂ ಅಂದಿದ್ದರೆ ನಾನು ಈ ಕೆಲಸ ಬಿಡಬೇಕಾಗುತ್ತಿತ್ತು. ಬಾಯಲ್ಲಿ ಹೋಗುವುದಿಲ್ಲ ಅಂದರೂ ನನಗೆ ಈ ಬೆಟ್ಟ ಬೇಕಿತ್ತು. ಒಂಬತ್ತು ವರ್ಷ ಬೇರೆಯವರು ಅಳೆದು ತಂದ ಅಂಕಿ ಕೂಡಿಸಿದವಳು, ಒಂದು ಸಲ ನಾನೇ ಅಳೆಯಬೇಕು ಅನಿಸಿತ್ತು. ಅದಕ್ಕೇ "ಮೇಲಿನ ಹಲ್ಲು ಗಮನವಿಟ್ಟು ಉಜ್ಜಿ, ಸುಮ್ಮನೆ ಹೇಳಿದೆ" ಎಂದು ಕಳ್ಳಿಯ ಹಾಗೆ ಬರೆದೆ. ನೀವು ಕುರ್ಚಿ ಎಂದು ಬರೆದ ದಿನವೇ ನನಗೆ ಅರ್ಥವಾಗಿತ್ತು. ಮಲಗಿದರೆ ಬೆಳಗ್ಗೆಯೇ ಎಚ್ಚರ ಎನ್ನುವುದೂ ಸುಳ್ಳು. ದಿನಾ ಎರಡು ಗಂಟೆಗೆ ಎದ್ದು ಕೂರುತ್ತೇನೆ. ನಾಚಿಕೆಯಾಗುತ್ತದೆ, ಆದರೆ ಬರೆದ ಮೇಲೆ ಸ್ವಲ್ಪ ಹಗುರವಾಯಿತು.

ಈಗ ಮಾವನ ವಿಷಯ. ನೀವು ಅವರಿಗೆ ಚಾರ್ಟು ತೋರಿಸಿದಿರಿ, ಹಲ್ಲು ತೋರಿಸಲಿಲ್ಲ. ಹಲ್ಲಿಗೆ ಕೇಡು ಎಂದು ಗೊತ್ತಿದ್ದರೆ ಅವರು ಒಂದು ಹನಿ ಹಾಲು ಕೊಡುತ್ತಿದ್ದರೇ? ಅವರಿಗೆ ಕಂಡದ್ದು ಇಷ್ಟೇ: ಮಗ ಹಾಲಿಗೆ ನೀರು ಬೆರೆಸುತ್ತಾನೆ, ಮೊಮ್ಮಗಳು ಹಸಿದು ಬರುತ್ತಾಳೆ. ಅದೂ ಅಲ್ಲದೆ, ಮೂವತ್ತೊಂದು ವರ್ಷ ಆ ಮಿಲ್ಲಿನ ಗೇಟಿನಲ್ಲಿ ಒಬ್ಬರೇ ಕೂತು ಚಹಾ ಕುಡಿದ ಮನುಷ್ಯನಿಗೆ ಮೊದಲ ಸಲ ರಾತ್ರಿ ಪಾಳಿಗೆ ಜೊತೆ ಸಿಕ್ಕಿತ್ತು. ನೀವು ಅದನ್ನು ಕಳ್ಳತನ ಅಂದಿರಿ.

ಹೋಗಿ ತಪ್ಪಾಯಿತು ಅನ್ನಿ. ಅಷ್ಟು ಹೇಳಿದರೆ ಕ್ಷಮಿಸುತ್ತಾರೆ, ಆದರೆ ಬಾಗಿಲು ತೆಗೆಯುವುದಿಲ್ಲ. ಮಾವನಿಗೆ ಡ್ಯೂಟಿ ಬೇಕು. ಅದಕ್ಕೇ ಇದರ ಜೊತೆ ಒಂದು ಆದೇಶ ಕಳಿಸಿದ್ದೇನೆ. ಕ್ಯಾಂಪಿನ ಲೆಟರ್‌ಹೆಡ್ಡಿನಲ್ಲೇ ಬರೆದಿದ್ದೇನೆ, ಸಾಹೇಬರ ಅಪ್ಪಣೆ ಕೇಳಿಲ್ಲ.

ಎರಡು ಗಂಟೆಗೆ ಎಚ್ಚರವಿರುವ
ನಿಮ್ಮಾಕೆ

*ಆದೇಶ*

*ನಿವೃತ್ತ ಕಾವಲುಗಾರರಾದ ತಮ್ಮನ್ನು ಈ ಮೂಲಕ ಮನೆಯ ರಾತ್ರಿ ಪಾಳಿಯ ಮುಖ್ಯ ಕಾವಲುಗಾರರಾಗಿ ಮರುನೇಮಕ ಮಾಡಲಾಗಿದೆ. ಇನ್ಸ್‌ಪೆಕ್ಟರವರ ಮೇಲಿನ ನಾಲ್ಕು ಹಲ್ಲುಗಳು ಅಪಾಯದಲ್ಲಿದ್ದು, ಅವುಗಳ ರಕ್ಷಣೆ ತಮ್ಮ ಹೊಣೆ. ರಾತ್ರಿ ಎಂಟಕ್ಕೆ ಹಲ್ಲುಜ್ಜಿದ ನಂತರ ಬೆಳಗಿನವರೆಗೆ ಹಾಲು ಗೇಟಿನ ಒಳಗೆ ಬರಕೂಡದು. ಇನ್ಸ್‌ಪೆಕ್ಟರು ರೌಂಡಿಗೆ ಬಂದಲ್ಲಿ ಗೌರವದಿಂದ ಬರಮಾಡಿಕೊಂಡು, ಎಲ್ಲ ಗೇಟು ತೋರಿಸಿ, ನೀರು ಮಾತ್ರ ಕೊಡತಕ್ಕದ್ದು. ಜೊತೆಗೆ ಕುಡಿಯುವವರ ಲೋಟದಲ್ಲಿ ಬೇರೆ ಏನಾದರೂ ಇದ್ದರೆ ಇನ್ಸ್‌ಪೆಕ್ಟರು ನೀರನ್ನು ಒಪ್ಪುವುದಿಲ್ಲವಾದ್ದರಿಂದ, ಕಾವಲುಗಾರರೂ ನೀರನ್ನೇ ಕುಡಿಯತಕ್ಕದ್ದು. ಚಹಾ ಬಿಡುವುದು ಎಷ್ಟು ಕಷ್ಟವೆಂದು ಆಡಳಿತಕ್ಕೆ ತಿಳಿದಿದೆ. ಪ್ರತಿ ರಾತ್ರಿಯ ವರದಿಯನ್ನು ರಿಜಿಸ್ಟರಿನಲ್ಲಿ ಬರೆಯತಕ್ಕದ್ದು. ಬೆಳಗ್ಗೆ ಆರೂವರೆಗೆ ಇನ್ಸ್‌ಪೆಕ್ಟರ ಜೊತೆ ಒಂದು ಲೋಟ ಹಾಲು, ಒಂದು ಲೋಟ ಚಹಾ ಮಂಜೂರಾಗಿದೆ.*

*ತಮ್ಮ ವಿಶ್ವಾಸಿ, ಸೊಸೆ*

~

ಏಪ್ರಿಲ್ 16, ಬುಧವಾರ

ನಮ್ಮೆಲ್ಲರ ಆಡಳಿತಕ್ಕೆ,

ಈ ಪತ್ರಕ್ಕೆ ಬೇಕೆಂದೇ ತಡ ಮಾಡಿದೆ. ನಿನ್ನೆ ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆಯೇ ಬರೆಯೋಣ ಎಂದು ಕಾದೆ.

ಮೊದಲು ಅದನ್ನೇ ಹೇಳುತ್ತೇನೆ: ಗೆರೆ ಗೆರೆಗೇ ನಿಂತಿದೆ! ಬಣ್ಣ ತಿರುಗಿಲ್ಲ. ಮಂಪರು ಬೇಡ, ಏನೂ ಬೇಡ. ಹಚ್ಚುವುದಕ್ಕೆ ಒಂದು ಪೇಸ್ಟು ಕೊಟ್ಟಿದ್ದಾರೆ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಇನ್ಸ್‌ಪೆಕ್ಟರ್ ಇಳಿಯುವ ಮೊದಲು ಡಾಕ್ಟರ ಬಾಯಿ ತೆಗೆಸಿ ಅವರ ಹಲ್ಲನ್ನೂ ನೋಡಿದರು. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ಡಾಕ್ಟರು ಟಿಶ್ಯೂ ಕೊಟ್ಟರು, ಮಗಳಿಗೆ ಅಲ್ಲ, ನನಗೆ.

ಈಗ ಹಿಂದಿನದು. ನಿನ್ನ ಪತ್ರ ಒಂಬತ್ತನೇ ತಾರೀಖು ಬಂತು. ಅಪ್ಪನ ಬಾಗಿಲು ತಟ್ಟಿ "ತಪ್ಪಾಯ್ತಪ್ಪಾ, ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ" ಅಂದೆ. ಮಗಳ ತುಟಿ ಎತ್ತಿ ಗೆರೆ ತೋರಿಸಿದೆ. ಅಪ್ಪ ಟಾರ್ಚು ಹಾಕಿ ಬಹಳ ಹೊತ್ತು ನೋಡಿದರು. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನೋ ದಡ್ಡ? ಗೇಟಲ್ಲಿ ಕೂರಿಸಿ ಏನು ಕಾಯ್ಬೇಕು ಅಂತ್ಲೇ ಹೇಳ್ದೆ ಹೋದ್ರೆ ಹೇಗೆ?" ಅಂದರು.

ಆಮೇಲೆ ಆದೇಶ ಕೊಟ್ಟೆ. ಎರಡು ಸಲ ಓದಿ, "ಸೀಲು ಎಲ್ಲಿ?" ಅಂದರು. ಸೀಲಿಲ್ಲದ ಆದೇಶಕ್ಕೆ ಅವರು ಜನ್ಮದಲ್ಲಿ ಬಗ್ಗಿದವರಲ್ಲ. ಡಿಸ್ಪೆನ್ಸರಿಗೆ ಹೋಗಿ ಇದ್ದ ಒಂದೇ ಸೀಲು ಒತ್ತಿಸಿಕೊಂಡು ಬಂದೆ. ಈಗ ನಿನ್ನ ಸಹಿಯ ಕೆಳಗೆ 'ಬಳಸುವ ಮುನ್ನ ಚೆನ್ನಾಗಿ ಕುಲುಕಿ' ಎಂದಿದೆ. ಅಪ್ಪ ಅದನ್ನು ನೋಡಿ, "ಸರಿಯಾಗಿದೆ" ಎಂದು ಸಹಿ ಹಾಕಿ ಅಟ್ಟದ ಫ್ಲಾಸ್ಕು ಇಳಿಸಿ ನೀರು ತುಂಬಿಸಿದರು.

ನಾನು ಈಗ ರಾತ್ರಿ ಪಾಳಿಗೆ ಇಲ್ಲ, ಅಪ್ಪಣೆಯಂತೆ ಗೊರಕೆ ಮಾತ್ರ ನನ್ನ ಇಲಾಖೆ. ನೀನೂ ಇನ್ನು ಆ ಎರಡು ಗಂಟೆಯ ಗಾಳಿಯನ್ನು ಅದರ ಪಾಡಿಗೆ ಬಿಟ್ಟು ಮಲಗು. ಬೆಟ್ಟವನ್ನು ಪೂರ್ತಿ ಅಳೆದೇ ಬಾ, ಅರ್ಧಕ್ಕೆ ಬಿಟ್ಟು ಓಡಿ ಬಂದರೆ ನನಗೆ ಬೇಸರವಾಗುತ್ತದೆ. ಮಗಳು ನಿನ್ನನ್ನು ಕೇಳುತ್ತಾಳೆ. ಹಗಲಲ್ಲಿ ಕೇಳುತ್ತಾಳೆ, ದಿನಕ್ಕೆ ಹತ್ತು ಸಲ, ನಿನ್ನ ಕೊಡೆ ಹಿಡಿದುಕೊಂಡು. ನೀನು ಬರೆಯಬೇಡ ಅಂದಿದ್ದೆ, ಆದರೂ ನಾನು ಬರೆದೆ.

ರಿಜಿಸ್ಟರನ್ನು ಹಾಗೆಯೇ ನಕಲು ಮಾಡಿ ಕಳಿಸುತ್ತಿದ್ದೇನೆ. ಆಡಳಿತಕ್ಕೆ ವರದಿ ಹೋಗಲೇಬೇಕು ಎಂದು ಅಪ್ಪನ ಕಟ್ಟಪ್ಪಣೆ. ನಿನ್ನೆ ರಾತ್ರಿಯದನ್ನು ಮಾತ್ರ ಕೊಡಲು ಹಿಂದೆ ಮುಂದೆ ನೋಡಿದರು. "ಅದನ್ನ ಬಿಟ್ಟು ಕಳ್ಸೋಣ" ಅಂದರು. ಬಿಡಲಿಲ್ಲ.

ನೀರು, ಹಾಲು ಬೇರೆ ಬೇರೆ ಇಡಲು ಕಲಿತ
ನಿನ್ನ ಕಾಂಪೌಂಡರ್

*ರಾತ್ರಿ ಪಾಳಿ ರಿಜಿಸ್ಟರ್*

*ಏಪ್ರಿಲ್ 9. ಸಮಯ 2.05. ಇನ್ಸ್‌ಪೆಕ್ಟರ್ ಬಂದರು. ಬಾಗಿಲು ತೆರೆದಿರುವುದನ್ನು ನೋಡಿ ಅಪ್ಪಿಕೊಂಡರು. ಹಾಲು ಕೇಳಿದರು. ನೀರು ಕೊಟ್ಟೆ. ನೀರನ್ನು ನನ್ನ ಮೇಲೆ ಚೆಲ್ಲಿದರು. ನನ್ನ ಲೋಟ ತಪಾಸಣೆ ಮಾಡಿದರು. ಅದರಲ್ಲೂ ನೀರೇ. ಬಹಳ ಬೇಸರಪಟ್ಟರು. ನನಗೂ ಬೇಸರ. 2.50ಕ್ಕೆ ನಿದ್ದೆ.*

*ಏಪ್ರಿಲ್ 10. ಸಮಯ 2.20. ಬಂದರು. ಫ್ಲಾಸ್ಕಿನೊಳಗೆ ಟಾರ್ಚು ಹಾಕಿ ನೋಡಿದರು. ಅತ್ತರು, ಆದರೆ ಕಡಿಮೆ. ಇಬ್ಬರೂ ಸೇರಿ ಎಲ್ಲ ಗೇಟು ಎರಡು ಸಲ ನೋಡಿದೆವು. ನನಗೆ ತಲೆನೋವು. ಚಹಾ ಕುಡಿದಿಲ್ಲ. ಎಲ್ಲ ಸರಿ ಇದೆ.*

*ಏಪ್ರಿಲ್ 11. ಸಮಯ 2.15. ಬಂದರು. ಹಾಲು ಎಂದು ಒಂದೇ ಸಲ ಕೇಳಿದರು. ಹಲ್ಲಿಗೆ ರಜೆ ಎಂದೆ. ಬಾಯಿ ತೆರೆದು ತೋರಿಸಿದರು. ನನ್ನ ಬಾಯನ್ನೂ ತೆರೆಸಿದರು. ನನ್ನ ಹಲ್ಲುಗಳ ಸ್ಥಿತಿ ಕಂಡು ಚಿಂತೆಪಟ್ಟರು.*

*ಏಪ್ರಿಲ್ 12. ಸಮಯ 2.40. ತಾವೇ ನೀರು ಕೇಳಿದರು. ಲೋಟಕ್ಕೆ ಲೋಟ ತಾಗಿಸಿ ಎರಡು ಗುಟುಕು ಕುಡಿದರು. ಐದು ನಿಮಿಷದಲ್ಲಿ ನಿದ್ದೆ.*

*ಏಪ್ರಿಲ್ 13. ಸಮಯ 3.30. ಬಾಗಿಲಲ್ಲಿ ನಿಂತು ನಾನು ಇದ್ದೇನೆಯೇ ಎಂದು ಮಾತ್ರ ನೋಡಿದರು. ಇದ್ದೆ. ತಾವೇ ವಾಪಸ್ ಹೋಗಿ ಮಲಗಿದರು.*

*ಏಪ್ರಿಲ್ 14. ಬರಲಿಲ್ಲ. ಬಾಗಿಲ ಸಂದಿಯಿಂದ ಎರಡು ಸಲ ನೋಡಿದೆ. ಚೆನ್ನಾಗಿ ಮಲಗಿದ್ದಾರೆ. ಎಬ್ಬಿಸೋಣ ಅನಿಸಿತು. ಎಬ್ಬಿಸಲಿಲ್ಲ. ನಾಲ್ಕರವರೆಗೆ ಒಬ್ಬನೇ ಇದ್ದೆ. ಎಲ್ಲ ಸರಿ ಇದೆ.*

*ಏಪ್ರಿಲ್ 15. ರಾತ್ರಿ ಹತ್ತಕ್ಕೆ ಮುಂದಿನ ಗೇಟು, ಹಿಂದಿನ ಗೇಟು ನೋಡಿ ಕೂತೆ. ಮುಂದಿನ ವರದಿ ಇಲ್ಲ. ಬೆಳಗ್ಗೆ 6.30ಕ್ಕೆ ಇನ್ಸ್‌ಪೆಕ್ಟರ್ ಬಂದು ಮೂಗು ಹಿಂಡಿ ನನ್ನನ್ನು ಎಬ್ಬಿಸಿದರು. ಕಾವಲುಗಾರ ಡ್ಯೂಟಿಯಲ್ಲಿ ನಿದ್ದೆ ಹೋಗಿದ್ದಾನೆ. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಯಾವ ಹೊತ್ತಿಗೆ ನಿದ್ದೆ ಬಂತೋ ತಿಳಿಯದು. ಆಡಳಿತ ವಿವರಣೆ ಕೇಳಿದರೆ ಕೊಡಲು ಏನೂ ಇಲ್ಲ. ಕನಸು ಕೂಡ ಬಿತ್ತು.*